ನಿಮಗಿದು ಗೊತ್ತೇ? ಖಾಲಿ ಕವರಿಗೂ ವಾರಸುದಾರರಿದ್ದಾರೆ

ಚಿಕ್ಕಬಳ್ಳಾಪುರದ ಮನೆಯಲ್ಲಿ ಬೆಳಿಗ್ಗೆ ಕತ್ತರಿಸಿ ಬಿಸಾಡುವ ಹಾಲಿನ ಕವರಿನ ಹೊಣೆ ಆ ಮನೆಯ ಕಸದ ಬುಟ್ಟಿಗೇ ಮುಗಿಯುವುದಿಲ್ಲ. ಪ್ಲಾಸ್ಟಿಕ್ ಪ್ಯಾಕಿಂಗ್ ತಯಾರಿಸುವವರು, ಆಮದು ಮಾಡುವವರು, ಅದರಲ್ಲಿ ಸರಕು ತುಂಬಿ ಮಾರುವ ಬ್ರ್ಯಾಂಡ್‌ನವರು ಆ ಕಸದ ವಿಲೇವಾರಿಗೂ ಹೊಣೆ. ಕೇಂದ್ರ ಸರ್ಕಾರ 2022ರ ಫೆಬ್ರುವರಿ 16ರಂದು ಹೊರಡಿಸಿದ ಮಾರ್ಗಸೂಚಿ ಇದು. 2023–24ರಿಂದ ಈ ವಿಲೇವಾರಿಯ ಗುರಿ ನೂರಕ್ಕೆ ನೂರು. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಯ ಬ್ರ್ಯಾಂಡ್‌ಗಳಿಗೆ ವಿನಾಯಿತಿ.

ಈ ಮಾರ್ಗಸೂಚಿ ಹೊರಟಾಗ ಅದರಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗಿಗೆ ನಾಲ್ಕು ವರ್ಗ. ಬಾಟಲಿ, ಡಬ್ಬಿ, ಕ್ಯಾನುಗಳಂಥ ಗಟ್ಟಿ ಪ್ಲಾಸ್ಟಿಕ್ ಮೊದಲನೆಯದು. ಹಾಲಿನ ಕವರ್, ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ಸ್ಯಾಶೆ ಎರಡನೆಯದು. ಪ್ಲಾಸ್ಟಿಕ್ಕಿಗೆ ಕಾಗದವೋ ಲೋಹದ ಹಾಳೆಯೋ ಸೇರಿದ್ದರೆ ಮೂರನೆಯದು. ಗೊಬ್ಬರವಾಗಿ ಕರಗುವಂಥದ್ದು ನಾಲ್ಕನೆಯದು.

ಜ್ಯೂಸಿನ ಟೆಟ್ರಾ ಪ್ಯಾಕ್ ನೋಡಲು ರಟ್ಟು. ಲೆಕ್ಕಕ್ಕೆ ಮೂರನೆಯ ವರ್ಗದ ಪ್ಲಾಸ್ಟಿಕ್!

ಹೊಲದಲ್ಲಿ ಸುರುಳಿ ಸುತ್ತಿ ಬಿದ್ದಿರುವ ಹಳೆಯ ಡ್ರಿಪ್ ಪೈಪು? ಅದೂ ಪ್ಲಾಸ್ಟಿಕ್ಕೇ, ಆದರೆ ಪ್ಯಾಕಿಂಗ್ ಅಲ್ಲ. ಹಾಗಾಗಿ ಈ ಮಾರ್ಗಸೂಚಿಗೆ ಸೇರದು. ಕೊಳವೆಬಾವಿಯನ್ನೇ ನಂಬಿ ಹನಿ ನೀರಾವರಿ ಮಾಡುವ ಚಿಕ್ಕಬಳ್ಳಾಪುರ ಜಿಲ್ಲೆಗೆ ಇದು ಸಣ್ಣ ಕೊರತೆಯಲ್ಲ.

ಫ್ಲೋರೈಡ್ ನೀರಿನ ಕಾಟದಿಂದಾಗಿ ಗೌರಿಬಿದನೂರು ಕಡೆಯ ಮನೆಮನೆಯಲ್ಲೂ ನೀರಿನ ಕ್ಯಾನ್ ಇದೆ. 4.9 ಲೀಟರ್ ಮತ್ತು ಅದಕ್ಕಿಂತ ದೊಡ್ಡ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗನ್ನು ಬ್ರ್ಯಾಂಡ್‌ನವರು 2025–26ರಲ್ಲಿ ಕನಿಷ್ಠ ಶೇ 70ರಷ್ಟು ಮರುಬಳಸಬೇಕು. 2028–29ಕ್ಕೆ ಅದು ಶೇ 85.

ಮದುವೆ ಕರೆಯೋಲೆ, ಸ್ವೀಟ್ ಬಾಕ್ಸುಗಳ ಮೇಲೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಗೆ ಹೊಣೆಗಾರಿಕೆಯ ಮಾತೇ ಇಲ್ಲ. 2022ರ ಜುಲೈ 1ರಿಂದ ಅದಕ್ಕೆ ನಿಷೇಧ. ಗುಟ್ಕಾ, ಪಾನ್ ಮಸಾಲಾಗಳನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರುವಂತೆಯೇ ಇಲ್ಲ.

ಇನ್ನು ಕಾಗದ. ಕಾಗದ, ಗಾಜು, ಲೋಹದ ಪ್ಯಾಕಿಂಗನ್ನೂ ಸ್ಯಾನಿಟರಿ ಉತ್ಪನ್ನಗಳನ್ನೂ ಇದೇ ಹೊಣೆಗಾರಿಕೆಗೆ ಒಳಪಡಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಜಾರಿಗೆ ಕರಡು ಸೂಚಿಸಿದ ದಿನ 2026ರ ಏಪ್ರಿಲ್ 1. ದ್ರಾಕ್ಷಿ ತುಂಬುವ ರಟ್ಟಿನ ಡಬ್ಬ ಈ ಲೆಕ್ಕಕ್ಕೆ ಬರುತ್ತದೆ. ಶಿಡ್ಲಘಟ್ಟದ ರೇಷ್ಮೆ ಹುಳು ಮನೆಯಲ್ಲಿ ತಟ್ಟೆಗೆ ಹಾಸುವ ಹಳೆಯ ನ್ಯೂಸ್ ಪೇಪರ್, ಚಾಕಿ (ಎಳೆಯ) ಹುಳುಗಳಿಗೆ ತೇವ ಆರದಂತೆ ಹೊದಿಸುವ ಮೇಣದ ಕಾಗದ ಬರುವುದಿಲ್ಲ, ಅವು ಪ್ಯಾಕಿಂಗ್ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಾಗಲ್ಲ: ಅಲ್ಲಿ 2014ರ ಮೇ ತಿಂಗಳಿಂದ ಪ್ಯಾಕಿಂಗಿನ ಜೊತೆಗೆ ಮುದ್ರಿತ ಕಾಗದಕ್ಕೂ ಉತ್ಪಾದಕರೇ ಹೊಣೆ.

ಚಿಂತಾಮಣಿಯ ಗುಜರಿ ಅಂಗಡಿಯಲ್ಲಿ ಬಾಟಲಿಗೆ ಬೆಲೆಯಿದೆ, ರಟ್ಟಿಗೆ ಬೆಲೆಯಿದೆ. ಚರಂಡಿಯಲ್ಲಿ ಉಳಿಯುವುದು ಶಾಂಪೂ ಸ್ಯಾಶೆ. ನಿಯಮದ ಬಲ ಇರುವುದು ಇಲ್ಲೇ: ಹೊಣೆ ತೀರಿಸಿದ್ದಕ್ಕೆ ಕಂಪನಿಗಳು ತೋರಿಸಬೇಕಾದ ಪ್ರಮಾಣಪತ್ರ ಒಂದು ವರ್ಗದ್ದಾದರೆ ಅದನ್ನು ಇನ್ನೊಂದಕ್ಕೆ ಹೊಂದಿಸುವಂತಿಲ್ಲ. ಸ್ಯಾಶೆ ಮಾರಿದವರು ಬಾಟಲಿ ತೋರಿಸಿ ಜಾರಿಕೊಳ್ಳಲಾಗದು. ಆದರೆ ಪ್ರಮಾಣಪತ್ರ ಹುಟ್ಟುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿತರಾದ ಸಂಸ್ಕರಣೆದಾರರಿಗೆ ಕಸ ತಲುಪಿ ಸಂಸ್ಕರಣೆಯಾದಾಗ ಮಾತ್ರ. ನಗರಸಭೆಗಳು ಸ್ಯಾಶೆಗಳನ್ನು ಬೇರೆಯಾಗಿ ಕಟ್ಟಿ ಅವರಿಗೆ ಕಳಿಸಿದರೆ ಕಂಪನಿಗಳ ಹಣ ನಮ್ಮ ಊರಿಗೂ ಬಂದೀತು. ಕೆರೆ ಏರಿ ಮೇಲೆ ಸುಟ್ಟ ರಾಶಿಗೆ ಬಿಡಿಗಾಸೂ ಬಾರದು.