ಪಾತ್ರೆಯೊಳಗಿನ ಕರೆಂಟು

ಮೊನ್ನೆ ಗುಜರಿಯವನು ನಮ್ಮವ್ವನ ತೂತುಬಿದ್ದ ಅಲ್ಯೂಮಿನಿಯಂ ಪಾತ್ರೆಗೆ ಒಳ್ಳೇ ಕಾಸೇ ಕೊಟ್ಟ. ಯಾಕೆ ಅಂತ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. "ಅದರೊಳಗೆ ಕರೆಂಟು ಇದೆ ಕಣೋ" ಎಂದು ನಕ್ಕರು.

ನಿಜವೇ. ಅದಿರಿನಿಂದ ತೆಗೆದ ಬಿಳಿ ಪುಡಿಯನ್ನು ಕರಗಿಸಿ, ಅದರಲ್ಲಿ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ತೆಗೆಯುತ್ತಾರೆ. ಒಂದು ಕಿಲೋಗೆ ಸುಮಾರು 14 ಯೂನಿಟ್ ಬೇಕು. ಅಷ್ಟರಲ್ಲಿ 10 ವ್ಯಾಟಿನ ಬಲ್ಬನ್ನು ದಿನಾ 5 ಗಂಟೆಯಂತೆ 280 ದಿನ ಉರಿಸಬಹುದು! ಯೂನಿಟ್ಟಿಗೆ 1 ರೂಪಾಯಿ ಏರಿದರೆ ಕಿಲೋ ಮೇಲೆ 14 ರೂಪಾಯಿ ಬೀಳುತ್ತದೆ. ಹಾಗಾಗಿ ಎಷ್ಟೋ ಸಲ ಈ ಕಾರ್ಖಾನೆಗಳು ಅದಿರು ಇರುವಲ್ಲಿಗಲ್ಲ, ಕರೆಂಟು ಅಗ್ಗವಿರುವಲ್ಲಿಗೆ ಹೋಗುತ್ತವೆ.

ಐಸ್‌ಲ್ಯಾಂಡ್ ಹೆಚ್ಚಾಗಿ ಮೀನು ಮಾರಿ ಬದುಕುತ್ತಿದ್ದ ದೇಶ. ಅಲ್ಲಿ ಆ ಅದಿರಿನ ಗಣಿಯೇ ಇಲ್ಲ. ಆದರೆ ರಭಸದ ನದಿಗಳಿವೆ, ನೆಲದೊಳಗೆ ಬಿಸಿ ಇದೆ. 1969ರಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಪುಡಿ ಹಡಗಿನಲ್ಲಿ ಬರುತ್ತದೆ, ಲೋಹವಾಗಿ ಹಡಗಿನಲ್ಲೇ ಹೋಗುತ್ತದೆ. ಕರೆಂಟನ್ನೇ ಹಡಗಿಗೆ ತುಂಬಿ ಮಾರಿದ ಹಾಗೆ! ಜನಕ್ಕೆ ಕೆಲಸ ಸಿಕ್ಕಿತು, ದೇಶಕ್ಕೆ ವಿದೇಶಿ ಹಣ ಬಂತು.

ಆದರೆ ಅಗ್ಗ ಅಂದರೆ ಪುಕ್ಕಟೆ ಅಲ್ಲವಲ್ಲ. ಅದೇ ದೇಶದ ಪೂರ್ವದಲ್ಲಿ 2007ರಲ್ಲಿ ಶುರುವಾದ ಕಾರ್ಖಾನೆಗೋಸ್ಕರ ಅಣೆಕಟ್ಟು ಕಟ್ಟಿ, ಜನವಸತಿಯಿಲ್ಲದ ದೊಡ್ಡ ಕಣಿವೆಯನ್ನು ಮುಳುಗಿಸಿದರು. ಬೇಡವೆಂದು 2006ರಲ್ಲಿ ಸಾವಿರಾರು ಜನ ಬೀದಿಗಿಳಿದಿದ್ದರು. ಆ ಕಣಿವೆಯ ಬೆಲೆಯನ್ನು ಯಾವ ಬಿಲ್ಲಿಗೆ ಸೇರಿಸುತ್ತಾರೋ ನನಗಂತೂ ತಿಳಿಯದು.

ಇನ್ನು ನಮ್ಮ ಪಾತ್ರೆ. ಹಳೇದನ್ನು ಕರಗಿಸಲು, ಹೊಸದಕ್ಕೆ ಬೇಕಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 5 ಸಾಕಂತೆ. ಗುಜರಿಯವನಿಗೆ ಗೊತ್ತಿತ್ತೋ ಏನೋ, ಅವ್ವನಿಗೆ ಗೊತ್ತಿರಲಿಲ್ಲ. ಚೌಕಾಶಿ ಮಾಡದೆ ಕೊಟ್ಟುಬಿಟ್ಟಳು.