ಅಂಗಳದಲ್ಲಿ ಮೊದಲ ಅಕ್ಷರ

ಕೂಸಿಗೆ ಮೂರು ವರ್ಷ ತುಂಬುತ್ತಲೇ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಇದನ್ನು ಎಲ್ಲಿಗೆ ಕಳಿಸೋಣ? ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಊರುಗಳಲ್ಲಿ ಅಂಗನವಾಡಿಗಳಿವೆ, ಖಾಸಗಿ ಶಿಶುವಿಹಾರಗಳಿವೆ. ಮನೆಗೆ ಹತ್ತಿರವಾದದ್ದು ಮುಸಲ್ಮಾನ ಬಾಂಧವರು ನಡೆಸುವ ಬಾಲವಾಡಿಯಾಗಿದ್ದರೆ ಮಾತ್ರ ಮನೆಯಲ್ಲಿ ಮಾತು ಎರಡಾಗುತ್ತದೆ. "ಹತ್ತಿರ ಐತಿ, ಅಲ್ಲೇ ಕಳಸೋಣ" ಎನ್ನುತ್ತಾಳೆ ತಾಯಿ. "ಕೊರಳಾಗ ಲಿಂಗ ಇರೋ ಕೂಸು, ಅಲ್ಲಿ ಏನ್ ಕಲೀತೈತೋ ಏನೋ" ಎಂದು ಅಜ್ಜಿ ಅಳುಕುತ್ತಾಳೆ. ಆ ಅಳುಕನ್ನು ನಾವು ಹಗುರವಾಗಿ ಕಾಣಲಾರೆವು. ಅದು ದ್ವೇಷದಿಂದ ಹುಟ್ಟಿದ್ದಲ್ಲ, ಮಮತೆಯಿಂದ ಹುಟ್ಟಿದ್ದು. ಆದರೆ ಮಮತೆಗೆ ಅರಿವಿನ ಬೆಳಕು ಬೇಕು. ಆ ಉದ್ದೇಶದಿಂದಲೇ ಈ ನಾಲ್ಕು ಮಾತು.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಮಸೀದಿಯ ಬಳಿ ನಡೆಯುವ ಮಕ್ತಬ್ ಬೇರೆ, ಬಾಲವಾಡಿ ಬೇರೆ. ಮಕ್ತಬಿನಲ್ಲಿ ಮುಸಲ್ಮಾನ ಮಕ್ಕಳು ಅರಬ್ಬಿ ಅಕ್ಷರಗಳನ್ನೂ ಕುರಾನಿನ ಓದನ್ನೂ ನಮಾಜಿನ ವಿಧಿಯನ್ನೂ ಕಲಿಯುತ್ತಾರೆ. ನಮ್ಮ ಮಠಗಳಲ್ಲಿ ಮಕ್ಕಳಿಗೆ ವಚನ ಕಲಿಸಿದಂತೆ ಅದು ಅವರವರ ಧರ್ಮದ ಪಾಠ. ಬಾಲವಾಡಿಯಾದರೋ ಆಟ, ಹಾಡು, ಬಣ್ಣ, ಎಣಿಕೆ, ಕೈತೊಳೆಯುವ ಶಿಸ್ತು ಇವುಗಳ ತಾಣ. ಅದನ್ನು ನಡೆಸುವವರು ಮುಸಲ್ಮಾನರೆಂದ ಮಾತ್ರಕ್ಕೆ ಅದು ಮಕ್ತಬ್ ಆಗದು. ಎರಡನ್ನೂ ಒಂದೇ ಸೂರಿನಡಿ ನಡೆಸುವ ಸಂಸ್ಥೆಗಳಿದ್ದಲ್ಲಿ ಯಾವ ಹೊತ್ತಿಗೆ ಯಾವುದು ನಡೆಯುತ್ತದೆಂದು ಕೇಳಿ ತಿಳಿಯುವುದು ಪಾಲಕರ ಕರ್ತವ್ಯ.

ಮಗುವಿನ ಮೊದಲ ಅಕ್ಷರದ ವಿಷಯದಲ್ಲಿ ಎರಡೂ ಮನೆಗಳ ಹಂಬಲ ಒಂದೇ ಎಂಬುದನ್ನು ಗಮನಿಸಬೇಕು. ಮುಸಲ್ಮಾನರ ಅನೇಕ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ 'ಬಿಸ್ಮಿಲ್ಲಾ' ಶಾಸ್ತ್ರ ಮಾಡುವ ರೂಢಿಯಿದೆ. ಹಿರಿಯರು ದೇವರ ಹೆಸರನ್ನು ಹೇಳಿಕೊಡುತ್ತಾರೆ, ಮಗು ತೊದಲುತ್ತ ಹಿಂದೆ ಹೇಳುತ್ತದೆ, ಬಂದವರಿಗೆ ಸಿಹಿ ಹಂಚುತ್ತಾರೆ. ನಮ್ಮಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಕೂಸಿನ ಬೆರಳು ಹಿಡಿದು 'ಓಂ ನಮಃ ಶಿವಾಯ' ಬರೆಸುತ್ತಾರೆ. ವಿದ್ಯೆ ದೇವರ ಹೆಸರಿನಿಂದಲೇ ಆರಂಭವಾಗಲಿ ಎಂಬ ಆಸೆ ಇಬ್ಬರದೂ ಹೌದು.

ನಮ್ಮ ನಾಡಿನಲ್ಲಿ ಅನ್ಯಧರ್ಮದ ಗುರುವಿನ ಬಳಿ ಮಗುವನ್ನು ಬಿಟ್ಟ ತಂದೆ ಇಲ್ಲದಿಲ್ಲ. ಶಿಶುನಾಳದ ಇಮಾಮ್ ಸಾಹೇಬರು ತಮ್ಮ ಮಗ ಶರೀಫನನ್ನು ಕಳಸದ ಗೋವಿಂದ ಭಟ್ಟರಿಗೆ ಒಪ್ಪಿಸಿದ ಕಥೆ ಉತ್ತರ ಕರ್ನಾಟಕದ ಮನೆಮನೆಗೂ ಗೊತ್ತು. 1819ರಲ್ಲಿ ಹುಟ್ಟಿ 1889ರಲ್ಲಿ ಬಯಲಾದ ಆ ಸಂತ ಕನ್ನಡ ಶಾಲೆಯ ಮಾಸ್ತರನಾಗಿಯೂ ದುಡಿದವನು. ಬ್ರಾಹ್ಮಣ ಗುರುವಿನ ಸಹವಾಸದಿಂದ ಅವನ ಮುಸಲ್ಮಾನಿಕೆ ಕರಗಲಿಲ್ಲ, ಕನ್ನಡ ಮಾತ್ರ ಶ್ರೀಮಂತವಾಯಿತು.

ಇಂದಿನ ಕಾಲದ ದೃಷ್ಟಾಂತ ಬೇಕೆಂದರೆ ಬಸವಣ್ಣನವರ ಕಲ್ಯಾಣವಿರುವ ಬೀದರ ಜಿಲ್ಲೆಯತ್ತ ನೋಡಬೇಕು. ಬೀದರದಲ್ಲಿ ಅಬ್ದುಲ್ ಖದೀರ್ ಅವರು 1989ರಲ್ಲಿ ಇಪ್ಪತ್ತಕ್ಕೂ ಕಡಿಮೆ ಮಕ್ಕಳೊಂದಿಗೆ ಒಂದೇ ಕೋಣೆಯಲ್ಲಿ ಶಾಹೀನ್ ಶಾಲೆಯನ್ನು ಆರಂಭಿಸಿದರು. ಅದು ಬೆಳೆದು ಅನೇಕ ರಾಜ್ಯಗಳಿಗೆ ಹಬ್ಬಿದೆ. ಕುರಾನನ್ನು ಕಂಠಪಾಠ ಮಾಡಿದ ಹುಡುಗರಿಗೆ ಗಣಿತ, ವಿಜ್ಞಾನ ಕಲಿಸಿ ಮುಖ್ಯವಾಹಿನಿಗೆ ತರುವ ಕಾರ್ಯ ಅಲ್ಲಿ ನಡೆಯುತ್ತದೆ. ಅದೇ ಸಂಸ್ಥೆಯಲ್ಲಿ ಹಿಂದೂ, ಲಿಂಗಾಯತ ಮನೆತನಗಳ ಮಕ್ಕಳೂ ಓದುತ್ತಾರೆ. ಧರ್ಮದ ಹೆಸರಿನವರು ಕಟ್ಟಿದ ಮನೆಯ ಬಾಗಿಲು ಎಲ್ಲರಿಗೂ ತೆರೆದಿರಬಹುದೆಂಬುದಕ್ಕೆ ಇದು ಸಾಕ್ಷಿ.

ಆದರೂ ಅಜ್ಜಿಯ ಪ್ರಶ್ನೆ ಉಳಿಯುತ್ತದೆ: ಕೂಸಿಗೆ ಅವರ ಪ್ರಾರ್ಥನೆ ಕಲಿಸಿದರೆ? ಇದಕ್ಕೆ ನಮ್ಮ ಸಂವಿಧಾನವೇ ಉತ್ತರ ಕೊಟ್ಟಿದೆ. ಅದರ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡುತ್ತದೆ. 28ನೆಯ ವಿಧಿಯ ಮೂರನೆಯ ಖಂಡವು, ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಯಾವ ಸಂಸ್ಥೆಯೂ ಪಾಲಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಧಾರ್ಮಿಕ ಬೋಧನೆಯಲ್ಲಿ ಕೂಡ್ರಿಸುವಂತಿಲ್ಲ ಎನ್ನುತ್ತದೆ. ಈ ರಕ್ಷಣೆ ಮುಸಲ್ಮಾನರ ಶಾಲೆಗೆ ಹೋಗುವ ನಮ್ಮ ಕೂಸಿಗೂ ಇದೆ, ಮಾನ್ಯತೆ ಪಡೆದ ನಮ್ಮ ಮಠದ ಶಾಲೆಗೆ ಬರುವ ಅವರ ಕೂಸಿಗೂ ಇದೆ.

ಹಾಗಾದರೆ ಪಾಲಕರು ನೋಡಬೇಕಾದದ್ದೇನು? ಸಂಸ್ಥೆಗೆ ಮಾನ್ಯತೆ ಇದೆಯೇ? ಪ್ರಾರ್ಥನೆಯ ವಿಷಯದಲ್ಲಿ ಒಪ್ಪಿಗೆ ಕೇಳುತ್ತಾರೆಯೇ? ನಮ್ಮ ಸಸ್ಯಾಹಾರದ ನಿಯಮವನ್ನು ಗೌರವಿಸುತ್ತಾರೆಯೇ? ಕನ್ನಡದ ಹಾಡು, ಕಥೆ ಅಲ್ಲಿವೆಯೇ? ಕುಡಿಯುವ ನೀರು, ಶೌಚಾಲಯ ಶುಚಿಯಾಗಿವೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಅಳುವ ಕೂಸನ್ನು ಬಾಯಿಯವರು ಎತ್ತಿಕೊಳ್ಳುತ್ತಾರೆಯೇ, ಗದರುತ್ತಾರೆಯೇ? ಈ ಪ್ರಶ್ನೆಗಳನ್ನು ನಮ್ಮ ಸಮಾಜದವರ ಶಿಶುವಿಹಾರದಲ್ಲಿಯೂ ಕೇಳಬೇಕಲ್ಲವೇ?

ಕಲಿಕೆಯ ಸಾಮಗ್ರಿಯಂತೂ ನಮ್ಮ ಬಳಿಯೇ ಇದೆ. ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಚ್ಚುವ ಹಣ್ಣು, ಕಾಯಿಪಲ್ಯೆಗಳು ಹೆಸರುವಾಸಿ. ಅವುಗಳನ್ನು ಒಂದು ಬುಟ್ಟಿಯಲ್ಲಿಟ್ಟರೆ ಮಗು ಬಣ್ಣ ಗುರುತಿಸುತ್ತದೆ, ಎಣಿಸುತ್ತದೆ, ಹೆಸರು ಹೇಳುತ್ತದೆ. ಒಂದು ಕೂಸು 'ಬದನೀಕಾಯಿ' ಎಂದರೆ ಇನ್ನೊಂದು 'ಬೈಂಗನ್' ಎನ್ನುತ್ತದೆ, ಮೂರನೆಯದು ಮರಾಠಿಯಲ್ಲಿ 'ವಾಂಗಿ' ಎನ್ನುತ್ತದೆ. ಮೂರು ಕೂಸುಗಳೂ ಮೂರು ಹೆಸರು ಕಲಿತು ಮನೆಗೆ ಬರುತ್ತವೆ. ಇದರಲ್ಲಿ ಯಾರಿಗೆ ನಷ್ಟ?

1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯೂ ಇದೇ ಪಾಠವನ್ನು ಕಲಿಸುತ್ತ ಬಂದಿದೆ. ಅಲ್ಲಿ ಮೂರರಿಂದ ಆರು ವರ್ಷದ ಮಕ್ಕಳು ಜಾತಿ ಕೇಳದೆ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅನುಭವ ಮಂಟಪದ ಶರಣರು ಹನ್ನೆರಡನೆಯ ಶತಮಾನದಲ್ಲಿ ಕಂಡ ಸಹಪಂಕ್ತಿಯ ಕನಸು ಈ ಚಿಕ್ಕ ಅಂಗಳಗಳಲ್ಲಿ ದಿನವೂ ನನಸಾಗುತ್ತಿದೆ.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳೂ ಇವೆ, ಹಿರೇಮಠವೂ ಇದೆ. ಒಂದೇ ಊರಿನ ಗಾಳಿ ಎರಡಕ್ಕೂ ತಾಗುತ್ತದೆ. ಮೂರನೆಯ ವರ್ಷದಲ್ಲಿ ಬೇರೆ ಬೇರೆ ಬಾಗಿಲಿನೊಳಗೆ ಹೋದ ಮಕ್ಕಳು ಮೂವತ್ತನೆಯ ವರ್ಷದಲ್ಲಿ ಸಂತೆಯಲ್ಲಿ ಎದುರಾದಾಗ ಅಪರಿಚಿತರಾಗಿಯೇ ಎದುರಾಗುತ್ತಾರೆ. ಅಪರಿಚಿತನ ಬಗೆಗೆ ಯಾರು ಏನು ಹೇಳಿದರೂ ಮನಸ್ಸು ನಂಬಿಬಿಡುತ್ತದೆ. ಜೊತೆಗೆ ಆಡಿ, ಬಿದ್ದು, ಮೊಣಕಾಲು ಕೆತ್ತಿಸಿಕೊಂಡವನ ಬಗೆಗೆ ಹಾಗೆ ನಂಬುವುದು ಸುಲಭವಲ್ಲ.

ಇಷ್ಟಲಿಂಗ ಮನೆಯ ಸಂಸ್ಕಾರ. ಅದನ್ನು ಕಾಯಬೇಕಾದವರು ತಂದೆ, ತಾಯಿ, ಗುರು. ಮುಂಜಾನೆ ಪೂಜೆಯ ಹೊತ್ತಿಗೆ ಕೂಸನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡ ಮನೆಗೆ ನೆರೆಯವರ ಬಾಲವಾಡಿಯ ಅಂಜಿಕೆ ಬೇಡ. ತೊಡೆಯ ಮೇಲೆ ಕೂಡ್ರಿಸಿಕೊಳ್ಳದ ಮನೆಯಲ್ಲಿ ಯಾವ ಶಾಲೆಯೂ ಆ ಕೊರತೆಯನ್ನು ತುಂಬಿಕೊಡಲಾರದು. ಅವರ ಬಾಗಿಲು ನಮ್ಮ ಕೂಸಿಗೆ ತೆರೆದಿರಲಿ ಎಂದು ಬಯಸುವ ನಾವು, ನಮ್ಮ ಮಠಗಳ ಶಿಶುವಿಹಾರದ ಬಾಗಿಲನ್ನೂ ಅವರ ಕೂಸಿಗೆ ತೆರೆದಿಡೋಣ.