ಶಾವಿಗೆಯ ದೂರದ ನೆಂಟ

ಅಡುಗೆಮನೆಯ ವಿಷಯವನ್ನು ನಾವು ಬರೆಯಹೊರಟಿರುವುದನ್ನು ಕಂಡು ವಾಚಕ ಬಂಧುಗಳಿಗೆ ಅಚ್ಚರಿಯಾಗಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ವಚನಗಳನ್ನೂ ಓದಿ ಬೆಳೆದ ನಾವು ಅರವತ್ತು ದಾಟುವವರೆಗೂ ಈಳಿಗೆಮಣೆಯನ್ನು ಮುಟ್ಟಿದವರಲ್ಲ. ನಮ್ಮನ್ನು ಅದರ ಮುಂದೆ ಕೂರಿಸಿದ್ದು ಒಂದು ರಾತ್ರಿಯ ಊಟ.

ಕುಣಿಗಲ್ಲಿನ ನಮ್ಮ ಮನೆಯ ಸೊಸೆಗೆ ತುಮಕೂರಿನಲ್ಲಿ ಉದ್ಯೋಗ. ಬಸ್ಸಿಳಿದು ಮನೆ ಸೇರುವಾಗ ರಾತ್ರಿ ಎಂಟು. ನಮ್ಮ ಮನೆಯವರಿಗೆ ಮಂಡಿನೋವು; ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲಾರರು. ಒಂದು ದಿನ ಮೊಮ್ಮಗನ ಆಸೆಯಂತೆ ಸೊಸೆ ನೂಡಲ್ಸ್ ಮಾಡತೊಡಗಿದಾಗ, "ಚೀನಾದವರ ತಿಂಡಿ ಒಂದು ಊಟವೇನಮ್ಮ? ನಮಗೆ ಮುದ್ದೆಯೇ ಆಗಬೇಕು" ಎಂದು ಗದರಿದೆವು. ಆಕೆ, "ಆಗಲಿ ಮಾವ" ಎಂದಷ್ಟೇ ನುಡಿದು ಎಸರಿಟ್ಟಳು. ನಮ್ಮೆಲ್ಲರ ಊಟವಾದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಆರಿಹೋದ ತಟ್ಟೆಯ ಮುಂದೆ ಅವಳೊಬ್ಬಳೇ ಕುಳಿತಿದ್ದುದನ್ನು ಕಂಡೆವು. ಕಾಯಕ, ದಾಸೋಹಗಳನ್ನು ಕುರಿತು ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ ನಮಗೆ ಅಂದು ನಿದ್ರೆ ಹತ್ತಲಿಲ್ಲ.

ಪರದೇಶದ್ದೆಂಬ ನಮ್ಮ ಆಕ್ಷೇಪಣೆಯೂ ವಿಚಾರಿಸಿ ನೋಡಿದರೆ ನಿಲ್ಲುವಂಥದಲ್ಲ. ಚೀನಾದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಬೋರಲು ಬಿದ್ದ ಬಟ್ಟಲೊಂದರಲ್ಲಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ದೊರೆಯಿತೆಂದೂ, ಅದು ನವಣೆ ಬರಗುಗಳಿಂದ ಆದುದೆಂದೂ ಸಂಶೋಧಕರು 2005ರಲ್ಲಿ ಪ್ರಕಟಿಸಿದರು. ಆ ಎರಡೂ ನಮ್ಮ ಬಯಲುಸೀಮೆಯ ರೈತರು ಬಲ್ಲ ಧಾನ್ಯಗಳೇ. ಕನ್ನಡದಲ್ಲಿ ಎರಡನೆಯ ಚಾವುಂಡರಾಯನ 'ಲೋಕೋಪಕಾರ'ವು ಹನ್ನೊಂದನೆಯ ಶತಮಾನದಲ್ಲಿಯೇ ಶಾವಿಗೆಯನ್ನೂ ಅದನ್ನು ಒತ್ತುವ ಅಚ್ಚನ್ನೂ ಹೇಳಿದೆ. ಚೀನೀಯರ ಹುರಿದ ನೂಡಲ್ಸ್ ಜಪಾನಿಗೆ ಹೋಗಿ ಯಾಕಿಸೋಬಾ ಎನಿಸಿತು. ನಮ್ಮಲ್ಲಿ ಕಾಯಿಹಾಲಿನೊಡನೆ ಉಂಡು ಮಿಕ್ಕ ಒತ್ತುಶಾವಿಗೆಗೆ ಒಗ್ಗರಣೆ ಹಾಕುವುದಿಲ್ಲವೇ? ಇದು ಅದರ ದೂರದ ನೆಂಟನಷ್ಟೇ.

ಸೊಸೆಯಿಂದ ಕಲಿತ ಕ್ರಮ ಹೀಗಿದೆ. ನಾಲ್ವರಿಗೆ 250 ಗ್ರಾಂ ನೂಡಲ್ಸ್ ಸಾಕು. ಕೆಲವು ಬಗೆಗಳಲ್ಲಿ ಮೊಟ್ಟೆ ಸೇರಿರುವುದರಿಂದ ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು. ಮೈದಾ ಬೇಡವೆಂಬವರು ಒಣ ಅಕ್ಕಿಶಾವಿಗೆಯನ್ನು ಬಳಸಬಹುದು. ಕುದಿಯುವ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಸಿದು, ತಣ್ಣೀರು ಸುರಿದು, ಒಂದು ಚಮಚ ಎಣ್ಣೆ ಸವರಿಟ್ಟರೆ ಎಳೆ ಅಂಟದು. ಒಂದು ಕ್ಯಾರೆಟ್, ಹತ್ತು ಹುರುಳಿಕಾಯಿ, ಒಂದು ದಪ್ಪಮೆಣಸಿನಕಾಯಿ, ಒಂದು ಹಿಡಿ ಎಲೆಕೋಸು, ಎಲ್ಲವನ್ನೂ ಕಡ್ಡಿಯಂತೆ ತೆಳ್ಳಗೆ ಹೆಚ್ಚಬೇಕು. ಬೇಗ ಬೇಯುವ ಗುಟ್ಟು ಇದರಲ್ಲಿಯೇ ಇದೆ.

ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎರಡು ಚಮಚ ಎಣ್ಣೆ, ಜಜ್ಜಿದ ಶುಂಠಿ; ಆಮೇಲೆ ಗಟ್ಟಿ ತರಕಾರಿ ಎರಡು ಮೂರು ನಿಮಿಷ, ಮೆತ್ತನೆಯದು ಒಂದು ನಿಮಿಷ. ಉರಿ ದೊಡ್ಡದಿರಲಿ. ಬಾಣಲೆಯನ್ನು ತುಂಬಿದರೆ ತರಕಾರಿ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತದೆ. ಆದುದರಿಂದ ಎರಡು ಸಲ ಮಾಡುವುದು ಲೇಸು. ಕೊನೆಗೆ ನೂಡಲ್ಸ್, ಎರಡು ಸಣ್ಣ ಚಮಚ ಸೋಯಾ ಸಾಸ್, ಮೆಣಸಿನಪುಡಿ, ನಿಂಬೆರಸ. ಸೋಯಾ ಸಾಸಿನಲ್ಲಿಯೇ ಉಪ್ಪು ಹೆಚ್ಚಿರುವುದರಿಂದ ರುಚಿ ನೋಡಿಯೇ ಉಪ್ಪು ಹಾಕಬೇಕು. ಕೆಂಪು ಬಣ್ಣದ ಅಗತ್ಯವೇ ಇಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚಿಯಲ್ಲಿ ನಿಷೇಧಿಸಿದೆ. ಹುರಿದ ಕಡಲೆಕಾಯಿ ಬೀಜ ಉದುರಿಸಿದರೆ ಊಟಕ್ಕೆ ಬಲ ಬರುತ್ತದೆ.

ಇದು ನಿತ್ಯದ ಊಟವಾಗಬೇಕೆಂದು ನಾವು ಹೇಳುತ್ತಿಲ್ಲ. ಮುದ್ದೆ ನಮ್ಮ ಮನೆಯಿಂದ ಎಲ್ಲಿಯೂ ಹೋಗಿಲ್ಲ. ಆದರೆ ಈಗ ವಾರದಲ್ಲಿ ಎರಡು ಸಂಜೆ, ಸೊಸೆಯ ಬಸ್ಸು ಬರುವ ಮೊದಲೇ ತರಕಾರಿ ಹೆಚ್ಚಿಡುವುದು ನಮ್ಮ ಕಾಯಕ. "ತಾತ ಹೆಚ್ಚಿದ ಕ್ಯಾರೆಟ್ ಸೌದೆಯ ಹಾಗಿದೆ" ಎಂದು ಮೊಮ್ಮಗ ನಗುತ್ತಾನೆ. ನಗಲಿ. ಎಂಟೂವರೆಗೆ ಐದು ತಟ್ಟೆಗಳೂ ಒಟ್ಟಿಗೆ ಬೀಳುತ್ತವೆ, ಐದೂ ಬಿಸಿಯಾಗಿರುತ್ತವೆ. ಮನೆಯ ಒಬ್ಬರನ್ನು ಕಡೆಗೆ ಕೂರಿಸಿ ಉಂಡ ಊಟವು ಎಷ್ಟು ಶುದ್ಧವಾದರೂ ಪ್ರಸಾದವೆನಿಸದು ಎಂಬುದನ್ನು ನಾವು ಗ್ರಂಥಗಳಲ್ಲಿ ಓದಿದ್ದೆವು, ಬಾಣಲೆಯ ಮುಂದೆ ತಿಳಿದೆವು.